ಕೊಡಗಿನ ಸ್ಟಾರ್ಟ್‌ಅಪ್‌ಗೆ ಪಿಚ್ ಡೆಕ್: ಒಂದು ಪ್ಯಾಕೆಟ್‌ನ ಲೆಕ್ಕದಿಂದ ಹೂಡಿಕೆದಾರರ ಮೇಜಿನವರೆಗೆ

ಪಿಚ್ ಡೆಕ್, ಅಂದರೆ ಹೂಡಿಕೆದಾರರಿಗೆ ಕಂಪನಿಯನ್ನು ಪರಿಚಯಿಸಿ ಹಣ ಕೇಳುವ ಸ್ಲೈಡ್‌ಗಳ ಕಟ್ಟು, ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ತೆರೆಯುವುದು ಪವರ್‌ಪಾಯಿಂಟ್ ಅಥವಾ ಕ್ಯಾನ್ವಾ. ಬಣ್ಣ ಆರಿಸಿ, ಮಂಜು ಮುಸುಕಿದ ಬೆಟ್ಟದ ಫೋಟೊ ಹಾಕಿ, ಸ್ಲೈಡ್‌ಗಳನ್ನೆಲ್ಲ ತುಂಬಿಸಿದ ಮೇಲೆ ಲೆಕ್ಕಕ್ಕೆ ಬರುತ್ತಾರೆ. ಅಷ್ಟೊತ್ತಿಗೆ ಲೆಕ್ಕವೇ ಸ್ಲೈಡಿಗೆ ಹೊಂದಿಕೊಳ್ಳಬೇಕಾದ ಸ್ಥಿತಿ. ಹೂಡಿಕೆದಾರರು ಎರಡನೇ ಪ್ರಶ್ನೆಯಲ್ಲೇ ಅದನ್ನು ಹಿಡಿದುಬಿಡುತ್ತಾರೆ. ಆದ್ದರಿಂದ ಇಲ್ಲಿ ಕೆಲಸದ ಕ್ರಮ ತಿರುಗುಮುರುಗು: ಮೊದಲು ಒಂದೇ ಒಂದು ಪ್ಯಾಕೆಟ್‌ನ ಲೆಕ್ಕ, ಅದರಿಂದ ಮಾರುಕಟ್ಟೆ, ಅದರಿಂದ ಬೇಕಾದ ಹಣ, ಆಮೇಲೆ ಸ್ಲೈಡ್.

ಉದಾಹರಣೆಗೆ ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಳ್ಳೋಣ. ಮಡಿಕೇರಿ ಹತ್ತಿರ ಅರೇಬಿಕಾ ಕಾಫಿ ಹುರಿದು, 250 ಗ್ರಾಂ ಪ್ಯಾಕೆಟ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತದೆ. ಬೆಂಗಳೂರು, ಮೈಸೂರಿನ ಕೆಫೆಗಳಿಗೂ ಕೊಡುತ್ತದೆ. ಕೆಳಗಿನ ದರಗಳು ಲೆಕ್ಕ ತೋರಿಸುವುದಕ್ಕಾಗಿ ಹಾಕಿದವು. ನಿಮ್ಮ ಬಿಲ್‌ಗಳಲ್ಲಿರುವ ದರ ಹಾಕಿಕೊಳ್ಳಿ. ಕರಿಮೆಣಸು, ಜೇನು, ಹೋಮ್‌ಸ್ಟೇ ಬುಕಿಂಗ್, ತೋಟದ ನೀರಾವರಿ ಸೆನ್ಸರ್, ಏನೇ ಇದ್ದರೂ ಹೆಜ್ಜೆಗಳು ಇವೇ. ಪ್ಯಾಕೆಟ್‌ನ ಜಾಗದಲ್ಲಿ ಒಂದು ಬಾಟಲಿ, ಒಂದು ರಾತ್ರಿಯ ಕೋಣೆ ಅಥವಾ ಒಂದು ಸೆನ್ಸರ್ ಬರುತ್ತದೆ.

ಪೂರ್ತಿ ಕೆಲಸಕ್ಕೆ ಮೂರು ವಾರ ಇಟ್ಟುಕೊಳ್ಳಿ. ಮೊದಲ ವಾರ ಬರೀ ಲೆಕ್ಕ, ಎರಡನೆಯದರಲ್ಲಿ ಸ್ಲೈಡ್, ಮೂರನೆಯದರಲ್ಲಿ ಅಭ್ಯಾಸ ಮತ್ತು ಕಾಗದಪತ್ರ.

ಒಂದು ಪ್ಯಾಕೆಟ್‌ನ ಲೆಕ್ಕ

ಕ್ಲೀನ್ ಬೀಜ (ಸಿಪ್ಪೆ ತೆಗೆದ, ಇನ್ನೂ ಹುರಿಯದ ಬೀಜ) ಕೆ.ಜಿ.ಗೆ 480 ರೂ. ಎಂದುಕೊಳ್ಳಿ. 250 ಗ್ರಾಂಗೆ 120 ರೂ. ಎಂದು ಬರೆದರೆ ಅಲ್ಲೇ ಮೊದಲ ತಪ್ಪು. ಹುರಿಯುವಾಗ ಕಾಫಿಯ ತೂಕ ಕಡಿಮೆಯಾಗುತ್ತದೆ. ಎಷ್ಟು ಗಾಢವಾಗಿ ಹುರಿಯುತ್ತೀರಿ ಎಂಬುದರ ಮೇಲೆ ಶೇ 12ರಿಂದ 20ರಷ್ಟು ಹೋಗುತ್ತದೆ. ಶೇ 16 ಹಿಡಿದರೆ ಒಂದು ಕೆ.ಜಿ. ಹುರಿದ ಕಾಫಿಗೆ 1.19 ಕೆ.ಜಿ. ಬೀಜ ಬೇಕು, ಅಂದರೆ 571 ರೂ. ಪ್ಯಾಕೆಟ್‌ಗೆ 143 ರೂ. ಈ 23 ರೂಪಾಯಿ ಸಣ್ಣದಾಗಿ ಕಾಣಬಹುದು. 40,000 ಪ್ಯಾಕೆಟ್‌ಗೆ 9.2 ಲಕ್ಷ ರೂ. ಆಗುತ್ತದೆ.

ಎರಡನೇ ತಪ್ಪು ಜಿಎಸ್‌ಟಿಯದು. ಪ್ಯಾಕೆಟ್ ಮೇಲಿನ ದರ 450 ರೂ., ಸರಾಸರಿ ರಿಯಾಯಿತಿ ಶೇ 10. ಗ್ರಾಹಕರು ಕೊಡುವುದು 405 ರೂ. ಅದರಲ್ಲಿ ಶೇ 5 ಜಿಎಸ್‌ಟಿ ಸರ್ಕಾರದ್ದು. 405ನ್ನು 1.05ರಿಂದ ಭಾಗಿಸಿದರೆ 386 ರೂ.; ನಿಮ್ಮ ಆದಾಯ ಇಷ್ಟೇ. ಡೆಕ್‌ನಲ್ಲಿ ಎಲ್ಲೇ ಮಾರಾಟ ಅಂತ ಬರೆದರೂ ಈ 386ರ ಲೆಕ್ಕದಲ್ಲೇ ಬರೆಯಿರಿ.

ಈಗ ಪಟ್ಟಿ:

ಬೀಜ (ತೂಕ ನಷ್ಟ ಸೇರಿ) – 143 ರೂ.
ಹುರಿಯುವುದು, ಆರಿಸುವುದು, ಗ್ಯಾಸ್, ಕರೆಂಟು, ಕೂಲಿ – 14 ರೂ.
ವಾಲ್ವ್ ಇರುವ ಪೌಚ್, ಲೇಬಲ್ – 16 ರೂ.
ಹೊರಗಿನ ಡಬ್ಬ – 9 ರೂ.
ಕೊರಿಯರ್ – 60 ರೂ.
ಪೇಮೆಂಟ್ ಗೇಟ್‌ವೇ (ಶೇ 2) – 8 ರೂ.
ಒಟ್ಟು – 250 ರೂ.
ಉಳಿಯುವುದು – 136 ರೂ., ಅಂದರೆ ಶೇ 35

ಈ ಪಟ್ಟಿಯಲ್ಲಿ ಕಣ್ಣು ಕುಕ್ಕುವುದು ಕೊರಿಯರ್. ಬೀಜ ಬಿಟ್ಟರೆ ದೊಡ್ಡ ಖರ್ಚು ಅದೇ. ಒಂದೇ ಆರ್ಡರ್‌ನಲ್ಲಿ ಎರಡು ಪ್ಯಾಕೆಟ್ ಹೋದರೆ, ಕೊರಿಯರ್ 75, ಡಬ್ಬ 12 ಎಂದಿಟ್ಟುಕೊಂಡರೆ, ಆರ್ಡರ್‌ಗೆ 323 ರೂ. ಉಳಿಯುತ್ತದೆ. ಒಂಟಿ ಪ್ಯಾಕೆಟ್‌ಗಿಂತ ದುಪ್ಪಟ್ಟಿಗೂ ಹೆಚ್ಚು. ಇದು ಡೆಕ್‌ನಲ್ಲಿ ಒಂದು ಸ್ಲೈಡಿಗೆ ಯೋಗ್ಯವಾದ ವಿಷಯ. ಎರಡು ಪ್ಯಾಕೆಟ್ ಕೊಳ್ಳುವ ಹಾಗೆ ಮಾಡಲು ಏನು ಮಾಡುತ್ತಿದ್ದೀರಿ, ಈಗ ಶೇಕಡಾ ಎಷ್ಟು ಆರ್ಡರ್ ಹಾಗೆ ಬರುತ್ತಿವೆ ಎಂದು ತೋರಿಸಿ.

ಚೆರ್ರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣು) ಕೊಂಡು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು) ಮಾಡಿಸುವವರು ಇನ್ನೊಂದು ಹೆಜ್ಜೆ ಹಿಂದಿನಿಂದ ಬರಬೇಕು. ರೊಬಸ್ಟಾ ಚೆರ್ರಿ 50 ಕೆ.ಜಿ. ಚೀಲದ ಔಟ್ ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) 28 ಇದ್ದರೆ 28 ಕೆ.ಜಿ. ಕ್ಲೀನ್ ಬೀಜ, 26 ಇದ್ದರೆ 26. ಔಟ್ ಟರ್ನ್ ನೋಡದೆ ಚೀಲಕ್ಕೆ 10,000 ರೂ. ಎಂದು ಒಟ್ಟು ದರಕ್ಕೆ ಕೊಂಡಿದ್ದರೆ ಈ ಎರಡರ ನಡುವೆ ಕೆ.ಜಿ.ಗೆ 28 ರೂ. ವ್ಯತ್ಯಾಸ. ಜೊತೆಗೆ ಕ್ಯೂರಿಂಗ್ ಶುಲ್ಕ. ನೀವು ದೊಡ್ಡ ಗ್ರೇಡ್ ಮಾತ್ರ ಬಳಸುವುದಾದರೆ ಉಳಿದ ಸಣ್ಣ ಬೀಜ, ಒಡಕು ಯಾವ ದರಕ್ಕೆ ಹೋಗುತ್ತದೆ ಎಂಬುದೂ ಸೇರಬೇಕು.

ಇನ್ನು ಬೆಲೆ ಏರಿಳಿತ. ಕೊಡಗಿನ ಕಾಫಿ ದರ ಹಿಡಿಯುವುದು ರೊಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆಯ ದಾರಿ. ಬ್ರೆಜಿಲ್‌ನಲ್ಲಿ ಬರ ಬಂದರೆ ಸೋಮವಾರಪೇಟೆಯಲ್ಲಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಬೀಜ) ದರ ಏರುತ್ತದೆ. 2025ರ ಆರಂಭದಲ್ಲಿ ದರ ದಾಖಲೆ ಮಟ್ಟ ಮುಟ್ಟಿದ್ದು ಕಾಫಿಯ ಬಗ್ಗೆ ತಿಳಿದ ಯಾವ ಹೂಡಿಕೆದಾರರಿಗೂ ನೆನಪಿದೆ. ಆದ್ದರಿಂದ ಬೀಜ 480ರಿಂದ 600ಕ್ಕೆ ಹೋದರೆ ಏನಾಗುತ್ತದೆ ಎಂದು ನೀವೇ ಮೊದಲು ತೋರಿಸಿ. ಪ್ಯಾಕೆಟ್‌ನಲ್ಲಿ ಉಳಿಯುವುದು 136ರಿಂದ 100ಕ್ಕೆ ಇಳಿಯುತ್ತದೆ. ಬೆಲೆ ಸ್ವಲ್ಪ ಏರಿಸಿ ನಿಭಾಯಿಸಬಹುದು. ಕೆಫೆ ವ್ಯಾಪಾರದ ಲೆಕ್ಕ ಬೇರೆ. ಅಲ್ಲಿ ಕೆ.ಜಿ.ಗೆ 900 ರೂ. ದರ, ಬೀಜ 571, ಹುರಿಯುವುದು 56, ಪ್ಯಾಕಿಂಗ್ 30, ಸಾಗಣೆ 25 ಕಳೆದರೆ ಉಳಿಯುವುದು 218. ಬೀಜ 600 ಆದಾಗ ಅದು 75ಕ್ಕೆ ಕುಸಿಯುತ್ತದೆ. ಕೆಫೆಗಳ ಜೊತೆ ವರ್ಷವಿಡೀ ಒಂದೇ ದರ ಎಂದು ಒಪ್ಪಂದ ಮಾಡಿಕೊಂಡಿದ್ದರೆ ವ್ಯಾಪಾರ ಹೆಚ್ಚಿದಷ್ಟೂ ಕಷ್ಟ. ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಣೆಯ ಷರತ್ತು ಒಪ್ಪಂದದಲ್ಲಿದ್ದರೆ ಅದನ್ನು ಡೆಕ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಡೆಕ್ ಕಳಿಸುವ ಮೊದಲೇ ಆ ಷರತ್ತು ಸೇರಿಸಿಕೊಳ್ಳಿ.

ಅಪ್ಪನ ತೋಟದ ಕಾಫಿ

ಕೊಡಗಿನ ಡೆಕ್‌ಗಳಲ್ಲಿ ಲೆಕ್ಕ ಮುಗ್ಗರಿಸುವ ವಿಶೇಷ ಜಾಗ ಇದು. ಸ್ಥಾಪಕರ ಮನೆಯ ತೋಟದಿಂದಲೇ ಬೀಜ ಬರುತ್ತದೆ. ಅಪ್ಪ ಮಾರುಕಟ್ಟೆಗಿಂತ ಕಡಿಮೆಗೆ ಕೊಡುತ್ತಾರೆ, ಅಥವಾ ಹಣವನ್ನು ಆಮೇಲೆ ತಗೊಳ್ಳುತ್ತೇನೆ ಅನ್ನುತ್ತಾರೆ. ಲಾಭ ಚೆನ್ನಾಗಿ ಕಾಣುತ್ತದೆ. ಆದರೆ ಕಂಪನಿ ಬೆಳೆದು ಆ ತೋಟದ ಫಸಲು ಸಾಲದಾದ ದಿನ ಪಕ್ಕದ ಬೆಳೆಗಾರರಿಂದ ಪೂರ್ತಿ ದರಕ್ಕೆ ಕೊಳ್ಳಬೇಕು. ಆಗ ಆ ಲಾಭ ಉಳಿಯುವುದಿಲ್ಲ. ಇದನ್ನು ಹೂಡಿಕೆದಾರರು ಖಂಡಿತ ಕೇಳುತ್ತಾರೆ.

ಮಾಡಬೇಕಾದದ್ದು ಇಷ್ಟು: ಪ್ಯಾಕೆಟ್‌ನ ಲೆಕ್ಕದಲ್ಲಿ ಮಾರುಕಟ್ಟೆ ದರವನ್ನೇ ಹಾಕಿ. ತೋಟದಿಂದ ಕೊಳ್ಳುವ ದರ ಹೇಗೆ ನಿರ್ಧಾರವಾಗುತ್ತದೆ ಎಂದು ಲಿಖಿತ ಒಪ್ಪಂದ ಮಾಡಿ; ಉದಾಹರಣೆಗೆ ಆ ವಾರದ ಸ್ಥಳೀಯ ದರ, ಗುಣಮಟ್ಟಕ್ಕೆ ಇಂತಿಷ್ಟು ಹೆಚ್ಚುವರಿ. ತೋಟದ ಖಾತೆ, ಕಂಪನಿಯ ಖಾತೆ ಬೇರೆ ಬೇರೆ ಬ್ಯಾಂಕ್ ಖಾತೆಯಲ್ಲಿರಲಿ. ಆಳುಗಳ ಕೂಲಿ, ಜೀಪಿನ ಡೀಸೆಲ್ ಎರಡೂ ಕಡೆ ಕಲೆತುಹೋಗಿದ್ದರೆ ಕಳೆದ 12 ತಿಂಗಳದ್ದನ್ನು ಕೂತು ಬಿಡಿಸಿ. ಬೇಸರದ ಕೆಲಸವೇ, ಆದರೆ ಬಿಟ್ಟರೆ ಮುಂದೆ ಪರಿಶೀಲನೆಯಲ್ಲಿ ಇದಕ್ಕೇ ತಿಂಗಳು ಹೋಗುತ್ತದೆ.

ಅದೇ ರೀತಿ ಕಣದ ಪಕ್ಕ ಕಟ್ಟಿದ ಶೆಡ್. ಜಾಗ ಜಮ್ಮಾ ಬಾಣೆಯದಾಗಿದ್ದು (ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮೀನು), ಆರ್‌ಟಿಸಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹಾಗೂ ಒಕ್ಕದ (ಕುಲದ) ಹಲವರ ಹೆಸರಿದ್ದರೆ, ಕಂಪನಿಯ ರೋಸ್ಟರ್ (ಹುರಿಯುವ ಯಂತ್ರ) ಯಾರ ಹಕ್ಕಿನ ನೆಲದ ಮೇಲಿದೆ ಎಂಬ ಪ್ರಶ್ನೆ ಬರುತ್ತದೆ. ಹೂಡಿಕೆದಾರರ ಹಣದಲ್ಲಿ ಕೊಂಡ ಯಂತ್ರ ಅಲ್ಲಿ ಕೂರಬೇಕು. ಸಂಬಂಧಪಟ್ಟವರೆಲ್ಲರ ಒಪ್ಪಿಗೆಯೊಂದಿಗೆ ನೋಂದಾಯಿತ ಗುತ್ತಿಗೆ ಕರಾರು ಆಗುವುದಾದರೆ ಆಯಿತು. ಅದು ಬೇಗ ಆಗುವುದಿಲ್ಲ ಅನ್ನಿಸಿದರೆ ಕುಶಾಲನಗರದ ಕಡೆ ಬಾಡಿಗೆ ಶೆಡ್ ಹಿಡಿಯುವುದು ಹಲವು ಬಾರಿ ಸುಲಭ. ಮಳೆಗಾಲದ ತೇವ ಅಲ್ಲಿ ಕಡಿಮೆ, ಕ್ಯೂರಿಂಗ್ ವರ್ಕ್ಸ್ ಹತ್ತಿರ, ಲಾರಿ ಸಂಚಾರವೂ ಸಲೀಸು. ವಕೀಲರನ್ನು ಈ ಹಂತದಲ್ಲೇ ಕೇಳಿ, ಹೂಡಿಕೆದಾರರು ಕೇಳಿದ ಮೇಲಲ್ಲ.

ಮಾರಾಟದ ಪುರಾವೆ

ಇದುವರೆಗಿನ ಮಾರಾಟದ ಸ್ಲೈಡ್ ಡೆಕ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿಸಿಕೊಳ್ಳುವ ಸ್ಲೈಡ್. ಇಲ್ಲಿ ಕೊಡಗಿನವರು ಮಾಡುವ ತಪ್ಪು ಪ್ರವಾಸಿಗರ ಮಾರಾಟವನ್ನು ಸೇರಿಸುವುದು. ಮಡಿಕೇರಿಯ ಪ್ರವಾಸಿ ತಾಣ ರಾಜಾಸೀಟ್ ಹತ್ತಿರದ ಅಂಗಡಿಯಲ್ಲಿ ಡಿಸೆಂಬರ್, ಮೇ ತಿಂಗಳಲ್ಲಿ ಪ್ಯಾಕೆಟ್ ಭರ್ಜರಿಯಾಗಿ ಹೋಗುತ್ತದೆ. ಕೊಂಡವರು ಊರಿಗೆ ಮರಳಿದ ಮೇಲೆ ಮತ್ತೆ ಕೊಳ್ಳುತ್ತಾರೆ ಎಂಬುದಕ್ಕೆ ಅದು ಪುರಾವೆ ಅಲ್ಲ. ಮೇ ತಿಂಗಳ ಮಾರಾಟವನ್ನು 12ರಿಂದ ಗುಣಿಸಿ ವಾರ್ಷಿಕ ಮಾರಾಟ ಎಂದು ಬರೆದರಂತೂ ಜುಲೈನ ಅಂಕಿ ನೋಡಿದ ಕೂಡಲೇ ನಂಬಿಕೆ ಹೋಗುತ್ತದೆ.

ಅಂಗಡಿ, ಆನ್‌ಲೈನ್, ಕೆಫೆ, ಮೂರನ್ನೂ ಬೇರೆ ಬೇರೆ ಬಣ್ಣದ ಕಂಬದಲ್ಲಿ, ತಿಂಗಳುವಾರು, ಕನಿಷ್ಠ 12 ತಿಂಗಳದ್ದು ತೋರಿಸಿ. ಕೆಳಗೆ ಒಂದು ಚಿಕ್ಕ ಕೋಷ್ಟಕ: ಜನವರಿಯಲ್ಲಿ ಮೊದಲ ಬಾರಿ ಕೊಂಡ 100 ಗ್ರಾಹಕರಲ್ಲಿ ಮೂರನೇ ತಿಂಗಳಿಗೆ ಎಷ್ಟು ಜನ ಮತ್ತೆ ಕೊಂಡರು, ಆರನೇ ತಿಂಗಳಿಗೆ ಎಷ್ಟು, ಫೆಬ್ರವರಿಯವರಲ್ಲಿ ಎಷ್ಟು, ಮಾರ್ಚ್‌ನವರಲ್ಲಿ ಎಷ್ಟು. ಈ ಕೋಷ್ಟಕ ಯಾಕೆ ಮುಖ್ಯ ಎಂದರೆ, ಜಾಹೀರಾತಿನಿಂದ ಒಬ್ಬ ಹೊಸ ಗ್ರಾಹಕರನ್ನು ತರಲು 400 ರೂ. ಖರ್ಚಾಗುತ್ತಿದ್ದರೆ, ಒಂಟಿ ಪ್ಯಾಕೆಟ್‌ನ 136 ರೂ.ನಲ್ಲಿ ಅದು ವಾಪಸ್ ಬರಲು ಮೂರು ಆರ್ಡರ್ ಬೇಕು. ಮೂರನೇ ಆರ್ಡರ್‌ವರೆಗೆ ಬರುವವರು ಎಷ್ಟು ಎಂಬುದರ ಮೇಲೇ ಇಡೀ ವ್ಯಾಪಾರ ನಿಂತಿದೆ.

ಮಾರಾಟವೇ ಇನ್ನೂ ಶುರುವಾಗಿಲ್ಲದಿದ್ದರೆ? ಸುಳ್ಳು ಅಂಕಿಗಿಂತ ಸಣ್ಣ ಪುರಾವೆ ಮೇಲು. ಹತ್ತು ಕೆಫೆಗಳಿಗೆ ಮಾದರಿ ಕೊಟ್ಟು, ಖರೀದಿಗೆ ಒಪ್ಪಿದವರ ಇಮೇಲ್ ಇದ್ದರೆ ಅದೇ ಪುರಾವೆ. ಸೆನ್ಸರ್ ಮಾಡುವವರಾದರೆ ನಾಲ್ಕು ತೋಟಗಳಲ್ಲಿ ಒಂದು ಹೂಮಳೆ ಕಾಲ (ಕಾಫಿ ಹೂ ಬಿಡಲು ನೀರು ಬೇಕಾದ ಸಮಯ) ಪೂರ್ತಿ ನಡೆಸಿ, ಎಷ್ಟು ನೀರು, ಎಷ್ಟು ಡೀಸೆಲ್ ಉಳಿಯಿತು ಎಂದು ಅಳೆದ ದಾಖಲೆ ಸಾಕು.

ಮಾರುಕಟ್ಟೆಯ ಗಾತ್ರ: ಕೆಳಗಿನಿಂದ ಮೇಲಕ್ಕೆ

ದೇಶದಲ್ಲಿ ಇಷ್ಟು ಕೋಟಿ ಜನ ಕಾಫಿ ಕುಡಿಯುತ್ತಾರೆ, ನಮಗೆ ಶೇ 1 ಸಿಕ್ಕರೂ ಸಾಕು ಎಂಬ ವಾಕ್ಯ ಬರೆಯಬೇಡಿ. ಆ ಶೇ 1 ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ.

ಮೂರನೇ ವರ್ಷದ ಕೊನೆಗೆ ಮತ್ತೆ ಮತ್ತೆ ಕೊಳ್ಳುವ 6,000 ಗ್ರಾಹಕರು, ಒಬ್ಬರಿಗೆ ವರ್ಷಕ್ಕೆ 8 ಪ್ಯಾಕೆಟ್, ತಲಾ 386 ರೂ. ಅಂದರೆ 1.85 ಕೋಟಿ. 60 ಕೆಫೆಗಳು, ತಿಂಗಳಿಗೆ 25 ಕೆ.ಜಿ., ಕೆ.ಜಿ.ಗೆ 900 ರೂ. ಅಂದರೆ 1.62 ಕೋಟಿ. ಒಟ್ಟು 3.47 ಕೋಟಿ.

ಈಗ ಇದೇ ಅಂಕಿಯನ್ನು ಎರಡು ಕಡೆಯಿಂದ ತಟ್ಟಿ ನೋಡಿ. ಮೊದಲು ಗ್ರಾಹಕರು. ನಿಮ್ಮ ಕೋಷ್ಟಕದ ಪ್ರಕಾರ 100ರಲ್ಲಿ 40 ಜನ ಮರಳಿ ಬರುವುದಾದರೆ 6,000 ಕಾಯಂ ಗ್ರಾಹಕರಿಗೆ 15,000 ಜನರನ್ನು ತರಬೇಕು. ತಲಾ 400 ರೂ.ನಂತೆ 60 ಲಕ್ಷ ರೂ. ಹಲವು ಡೆಕ್‌ಗಳಲ್ಲಿ ಇಲ್ಲಿ 6,000ವನ್ನು 400ರಿಂದ ಗುಣಿಸಿ 24 ಲಕ್ಷ ಎಂದಿರುತ್ತದೆ.

ಆಮೇಲೆ ಯಂತ್ರ. ಮೂರನೇ ವರ್ಷಕ್ಕೆ ಬೇಕಾದದ್ದು ಪ್ಯಾಕೆಟ್‌ಗೆ 12,000 ಕೆ.ಜಿ., ಕೆಫೆಗೆ 18,000 ಕೆ.ಜಿ.; ತಿಂಗಳಿಗೆ 2,500 ಕೆ.ಜಿ. ಈಗಿರುವುದು 5 ಕೆ.ಜಿ. ರೋಸ್ಟರ್ ಎಂದುಕೊಳ್ಳಿ. ಒಂದು ಬ್ಯಾಚ್‌ಗೆ 4.2 ಕೆ.ಜಿ. ಹೊರಬರುತ್ತದೆ. ಗಂಟೆಗೆ ಮೂರು ಬ್ಯಾಚ್, ದಿನಕ್ಕೆ ಆರು ಗಂಟೆ, ತಿಂಗಳಿಗೆ 24 ದಿನ, 1,800 ಕೆ.ಜಿ. ದಾಟುವುದು ಕಷ್ಟ. 15 ಕೆ.ಜಿ. ಯಂತ್ರವಾದರೆ ಅದೇ ಲೆಕ್ಕದಲ್ಲಿ 5,400 ಕೆ.ಜಿ. ಹೊಸ ರೋಸ್ಟರ್‌ಗೆ ಹಣ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ವಾದ ಇಲ್ಲ, ಎರಡೇ ಸಾಲಲ್ಲಿ ಮುಗಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವ ದಿನಗಳನ್ನು ಕಳೆದೇ ಲೆಕ್ಕ ಹಾಕಿ. ಜನರೇಟರ್ ಇದ್ದರೆ ಅದರ ಡೀಸೆಲ್ ಸೇರಿಸಿ.

ಎಷ್ಟು ಹಣ, ಯಾವುದಕ್ಕೆ

ಕಾಫಿ ವ್ಯಾಪಾರದ ಸ್ವಭಾವ ನೋಡಿ. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿ ಆಸುಪಾಸಿನಿಂದ ಕೊಯ್ಲಿಗೆ ಬರುತ್ತದೆ. ಒಳ್ಳೆ ಬೀಜ ಬೇಕಾದರೆ ಹಣ ಆ ನಾಲ್ಕೈದು ತಿಂಗಳಲ್ಲೇ ಹೋಗಬೇಕು. ವಾಪಸ್ ಬರುವುದು ವರ್ಷವಿಡೀ ತುಂಡುತುಂಡಾಗಿ. ವರ್ಷಕ್ಕೆ 12,000 ಕೆ.ಜಿ. ಹುರಿದ ಕಾಫಿಗೆ 14,286 ಕೆ.ಜಿ. ಬೀಜ, 480ರಂತೆ 68.6 ಲಕ್ಷ ರೂ. ಇದನ್ನು ಹೂಡಿಕೆಯ ಹಣದಲ್ಲಿ ಕೊಂಡರೆ ಪಾಲು ಮಾರಿ ತಂದ ಹಣದ ಅರ್ಧಕ್ಕಿಂತ ಹೆಚ್ಚು ಗೋದಾಮಿನಲ್ಲಿ ಚೀಲವಾಗಿ ಕೂರುತ್ತದೆ. ದಾಸ್ತಾನಿಗೆ ಬ್ಯಾಂಕ್‌ನ ದುಡಿಮೆ ಬಂಡವಾಳ ಸಾಲ ಸರಿಯಾದ ದಾರಿ. ಪಾಲು ಒಮ್ಮೆ ಕೊಟ್ಟರೆ ಹಿಂದಕ್ಕೆ ಬರುವುದಿಲ್ಲ. ಸಾಲವನ್ನು ಬೀಜ ಮಾರಿ ತೀರಿಸಬಹುದು. ಹೂಡಿಕೆಯ ಹಣದಲ್ಲಿ ಬ್ಯಾಂಕ್ ಕೇಳುವ ಮಾರ್ಜಿನ್ (ಸಾಲದ ಜೊತೆ ಕಂಪನಿ ತಾನೇ ಹಾಕಬೇಕಾದ ಭಾಗ) ಮಾತ್ರ ಇಡಿ. ಶೇ 25 ಎಂದರೆ 17 ಲಕ್ಷ.

ಹಾಗಾದರೆ 18 ತಿಂಗಳಿಗೆ 1.2 ಕೋಟಿ ರೂ. ಬೇಡಿಕೆ ಹೀಗಿರಬಹುದು: ರೋಸ್ಟರ್, ಕಲ್ಲು ತೆಗೆಯುವ ಯಂತ್ರ, ಪ್ಯಾಕಿಂಗ್ ಯಂತ್ರ, ಜನರೇಟರ್‌ಗೆ 28 ಲಕ್ಷ, ಸಂಬಳಕ್ಕೆ ತಿಂಗಳಿಗೆ 2 ಲಕ್ಷದಂತೆ 36 ಲಕ್ಷ, 7,500 ಹೊಸ ಗ್ರಾಹಕರನ್ನು ತರಲು 30 ಲಕ್ಷ, ದಾಸ್ತಾನು ಮಾರ್ಜಿನ್ 17 ಲಕ್ಷ, ಪರೀಕ್ಷೆ, ಪ್ರಮಾಣಪತ್ರ ಮತ್ತು ಅನಿರೀಕ್ಷಿತ ಖರ್ಚಿಗೆ 9 ಲಕ್ಷ. ಈ ಸಾಲುಗಳಿಗೆ ಎದುರಾಗಿ, ಹಣ ಮುಗಿಯುವ ಹೊತ್ತಿಗೆ ಏನಾಗಿರುತ್ತದೆ ಎಂದು ಬರೆಯಿರಿ: 3,000 ಕಾಯಂ ಗ್ರಾಹಕರು, 30 ಕೆಫೆಗಳು, ತಿಂಗಳಿಗೆ ಸುಮಾರು 14.5 ಲಕ್ಷ ರೂ. ಮಾರಾಟ, ಅದರಲ್ಲಿ ನೇರ ಖರ್ಚು ಕಳೆದು ಉಳಿಯುವುದು ಸುಮಾರು 4.35 ಲಕ್ಷ. ಈ ಅಂಕಿಗಳೆಲ್ಲ ಮೇಲಿನ 136 ಮತ್ತು 218ರಿಂದಲೇ ಹುಟ್ಟಿವೆ. ಗುಣಿಸಿ ನೋಡಿದವರಿಗೆ ಅದೇ ಉತ್ತರ ಸಿಗಬೇಕು.

ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷ ರೂ.ವರೆಗೆ ಅನುದಾನವಿದೆ, ಅದಕ್ಕೆ ಪಾಲು ಕೊಡಬೇಕಿಲ್ಲ. ಅರ್ಜಿ ಹಾಕಿದ್ದರೆ ಬೇಡಿಕೆ ಸ್ಲೈಡ್‌ನ ಕೆಳಗೆ ಒಂದು ಸಾಲು ಬರೆಯಿರಿ, ಆದರೆ ಮಂಜೂರಾಗದ ಹಣವನ್ನು ಲೆಕ್ಕದೊಳಗೆ ಸೇರಿಸಬೇಡಿ.

ಪಾಲು, ನೆಂಟರು, ಕಾಯ್ದೆ

1.2 ಕೋಟಿಗೆ ಶೇ 15 ಪಾಲು ಎಂದರೆ ಹಣ ಬಂದ ಮೇಲಿನ ಕಂಪನಿಯ ಮೌಲ್ಯ 8 ಕೋಟಿ, ಬರುವ ಮೊದಲಿನದು 6.8 ಕೋಟಿ. ಈ ಎರಡನ್ನು ಅದಲುಬದಲು ಮಾಡಬೇಡಿ. 8 ಕೋಟಿಯನ್ನು ಮೊದಲಿನ ಮೌಲ್ಯ ಎಂದರೆ ಪಾಲು ಶೇ 13ಕ್ಕೆ ಇಳಿಯುತ್ತದೆ, ಮಾತುಕತೆ ಅಲ್ಲೇ ಕೆಡುತ್ತದೆ. ನೌಕರರಿಗೆಂದು ಶೇ 10 ಮೀಸಲಿಟ್ಟರೆ ಸ್ಥಾಪಕರ ಕೈಯಲ್ಲಿ ಉಳಿಯುವುದು ಶೇ 75. ಇಮೇಲ್‌ನಲ್ಲಿ ಹೋಗುವ ಡೆಕ್‌ನಲ್ಲಿ ಬೇಕಾದ ಮೊತ್ತ ಮಾತ್ರ ಇರಲಿ, ಮೌಲ್ಯ ಬೇಡ ಎಂಬುದು ನಮ್ಮ ಸಲಹೆ. ಅದು ಎದುರು ಕೂತು ಆಡುವ ಮಾತು.

ಆರಂಭದಲ್ಲಿ ಹಣ ಕೊಟ್ಟ ನೆಂಟರಿಗೆಲ್ಲ ಒಂದೊಂದು, ಎರಡೆರಡು ಶೇಕಡಾ ಪಾಲು ಹಂಚಿದ್ದರೆ ಷೇರುದಾರರ ಪಟ್ಟಿ ಮದುವೆಯ ಕರೆಯೋಲೆ ಪಟ್ಟಿಯಂತೆ ಉದ್ದವಾಗುತ್ತದೆ. ಕಾಗದಪತ್ರಕ್ಕೆ ಸಹಿ ಬೇಕಾದಾಗ ಒಬ್ಬರು ದುಬೈನಲ್ಲಿ, ಇನ್ನೊಬ್ಬರು ಕೆನಡಾದಲ್ಲಿ. ಹಾಗಂತ ಆ ಹಣವನ್ನು ಸಾಲ ಎಂದು ಬರೆದುಬಿಡುವುದೂ ಅಪಾಯ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಲಿಮಿಟೆಡ್ ಕಂಪನಿ ನಿರ್ದೇಶಕರಿಂದ, ಅವರ ಸಂಬಂಧಿಗಳಿಂದ ಘೋಷಣೆ ಪಡೆದು ಸಾಲ ತರಬಹುದು. ಆದರೆ ಕಾಯ್ದೆಯಲ್ಲಿ ಸಂಬಂಧಿ ಎಂದರೆ ಹೆಂಡತಿ ಅಥವಾ ಗಂಡ, ತಂದೆ ತಾಯಿ, ಮಕ್ಕಳು, ಸೊಸೆ, ಅಳಿಯ, ಒಡಹುಟ್ಟಿದವರು, ಅವಿಭಕ್ತ ಕುಟುಂಬದ ಸದಸ್ಯರು. ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು ಹಾಗೆಯೇ ಆ ಪಟ್ಟಿಗೆ ಬರುವುದಿಲ್ಲ. ಅವರ ಹಣ ಸಾಲವಾಗಿ ಖಾತೆಯಲ್ಲಿದ್ದರೆ ಅದು ಠೇವಣಿ ನಿಯಮಗಳ ಅಡಿ ಬರಬಹುದು. ಡೆಕ್ ಕಳಿಸುವ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಕೂತು ಸರಿಮಾಡಿಸಿ.

ಹೂಡಿಕೆಯ ಮೇಲಿನ ಏಂಜೆಲ್ ಟ್ಯಾಕ್ಸ್ (ಷೇರಿನ ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚು ಬಂದ ಹಣದ ಮೇಲಿನ ತೆರಿಗೆ) 2025–26ರ ಅಸೆಸ್‌ಮೆಂಟ್ ವರ್ಷದಿಂದ ಇಲ್ಲ. ಕಂಪನಿ ಕಾಯ್ದೆಯಡಿ ನೋಂದಾಯಿತ ಮೌಲ್ಯಮಾಪಕರ ವರದಿ ಮಾತ್ರ ಈಗಲೂ ಬೇಕು.

ಸ್ಲೈಡ್‌ಗಳು

ಹನ್ನೆರಡರ ಒಳಗೆ ಮುಗಿಸಿ. ಮುಖಪುಟ, ಸಮಸ್ಯೆ, ಪರಿಹಾರ, ಇದುವರೆಗಿನ ಮಾರಾಟ, ಒಂದು ಪ್ಯಾಕೆಟ್‌ನ ಲೆಕ್ಕ, ಮಾರುಕಟ್ಟೆ, ಗ್ರಾಹಕರನ್ನು ತರುವ ದಾರಿ, ಪೈಪೋಟಿ, ತಂಡ, ಮೂರು ವರ್ಷದ ಮುನ್ನೋಟ, ಬೇಡಿಕೆ. ಮಾರಾಟ ಚೆನ್ನಾಗಿದ್ದರೆ ಅದನ್ನು ಎರಡನೇ ಸ್ಲೈಡಿಗೇ ತನ್ನಿ.

ಮುಖಪುಟದ ಒಂದು ವಾಕ್ಯಕ್ಕೆ ಸಮಯ ಕೊಡಿ. "ಪಶ್ಚಿಮಘಟ್ಟದ ಮಡಿಲಿಂದ ನಿಮ್ಮ ಕಪ್‌ಗೆ, ಪ್ರೀತಿಯಿಂದ" ಎಂಬುದು ಪ್ಯಾಕೆಟ್ ಮೇಲೆ ಚೆಂದ. ಇಲ್ಲಿ ಏನೂ ಹೇಳುವುದಿಲ್ಲ. "ಕೊಡಗಿನ 35 ಸಣ್ಣ ಬೆಳೆಗಾರರ ಅರೇಬಿಕಾವನ್ನು ಹುರಿದ ಏಳು ದಿನದೊಳಗೆ ಬೆಂಗಳೂರಿನ ಮನೆ ಮತ್ತು ಕೆಫೆಗಳಿಗೆ ತಲುಪಿಸುತ್ತೇವೆ, ಕೊಂಡವರಲ್ಲಿ ಶೇ 40 ಜನ ಮತ್ತೆ ಕೊಳ್ಳುತ್ತಾರೆ" ಎಂಬುದರಲ್ಲಿ ಎಲ್ಲಿಂದ, ಯಾರಿಗೆ, ಎಷ್ಟು ಬೇಗ, ಫಲ ಏನು, ನಾಲ್ಕೂ ಇವೆ. ಪ್ರತಿ ಸ್ಲೈಡಿನ ತಲೆಬರಹವನ್ನೂ ಹೀಗೇ ಪೂರ್ತಿ ವಾಕ್ಯವಾಗಿ ಬರೆಯಿರಿ. ತಲೆಬರಹಗಳನ್ನಷ್ಟೇ ಒಂದರ ಕೆಳಗೊಂದು ಓದಿದರೆ ಇಡೀ ವಿಷಯ ಅರ್ಥವಾಗಬೇಕು.

ಪೈಪೋಟಿಯ ಸ್ಲೈಡ್‌ನಲ್ಲಿ ನಾಲ್ಕು ಚೌಕದ ನಕ್ಷೆ ಬರೆದು ಮೇಲಿನ ಬಲಮೂಲೆಯಲ್ಲಿ ನಿಮ್ಮ ಲೋಗೊ ಇಡುವುದರಿಂದ ಉಪಯೋಗವಿಲ್ಲ. 100 ಗ್ರಾಂಗೆ ದರ, ಹುರಿದ ದಿನಾಂಕ ನಮೂದಿಸುತ್ತಾರೆಯೇ, ಎಲ್ಲಿ ಸಿಗುತ್ತದೆ ಎಂಬ ಕೋಷ್ಟಕ ಮಾಡಿ. ದರ ಹೋಲಿಸುವಾಗ ಒಂದು ಎಚ್ಚರ: ಫಿಲ್ಟರ್ ಕಾಫಿ ಪುಡಿಗಳಲ್ಲಿ ಹಲವು ಚಿಕೋರಿ ಮಿಶ್ರಣ, ಕಾನೂನಿನ ಪ್ರಕಾರ ಅದರಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಅಷ್ಟೆ. ಅಪ್ಪಟ ಕಾಫಿಯ ದರವನ್ನು ಅದರ ಪಕ್ಕ ಇಟ್ಟು ನಾವು ದುಬಾರಿ ಅಥವಾ ಅಗ್ಗ ಎನ್ನುವುದು ತಪ್ಪು ಹೋಲಿಕೆ.

ತಂಡದ ಸ್ಲೈಡ್‌ನಲ್ಲಿ ಯಾರು ಪೂರ್ಣಾವಧಿ, ಯಾರು ಬೆಂಗಳೂರಿನ ಕೆಲಸದ ಜೊತೆ ವಾರಾಂತ್ಯಕ್ಕೆ ಬರುವವರು ಎಂದು ನೇರವಾಗಿ ಬರೆಯಿರಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೋ ಪೊನ್ನಂಪೇಟೆಯ ಅರಣ್ಯ ಕಾಲೇಜಿಗೋ ಹೋಗಿ ಸಲಹೆ ಪಡೆದಿದ್ದರೆ ಸಲಹೆ ಪಡೆದಿದ್ದೇವೆ ಎನ್ನಿ. ಲಿಖಿತ ಒಪ್ಪಂದ ಇಲ್ಲದೆ ಸಂಸ್ಥೆಯ ಲಾಂಛನ ಹಾಕಬೇಡಿ.

ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರನ್ನು ಡೆಕ್‌ನಲ್ಲಿ ಬಂಡವಾಳವಾಗಿ ತೋರಿಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಯುರೋಪಿಗೆ ರಫ್ತು ಎಂದು ಬರೆಯುವವರು ಪ್ರತಿ ತೋಟದ ಭೂ ನಿರ್ದೇಶಾಂಕ ಇಟ್ಟುಕೊಳ್ಳಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂಬ ಪುರಾವೆಯನ್ನು ಅಲ್ಲಿನ ನಿಯಮ ಕೇಳುತ್ತದೆ.

ಫೈಲು

ಎರಡು ಆವೃತ್ತಿ ಬೇಕು. ಇಮೇಲ್‌ನಲ್ಲಿ ಹೋಗುವುದು ನೀವಿಲ್ಲದೆ ಅರ್ಥವಾಗಬೇಕು, ಹಾಗಾಗಿ ಅದರಲ್ಲಿ ಮಾತು ಸ್ವಲ್ಪ ಹೆಚ್ಚು. ಪರದೆಯ ಮೇಲೆ ತೋರಿಸುವುದರಲ್ಲಿ ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಕಳಿಸುವುದು ಪಿಡಿಎಫ್ ಮಾತ್ರ, 5 ಎಂಬಿ ಒಳಗೆ. ತೋಟದ ಫೋಟೊಗಳನ್ನು ಕುಗ್ಗಿಸದೆ ಹಾಕಿದರೆ ಫೈಲು 40 ಎಂಬಿ ಆಗಿ ಇಮೇಲ್‌ನಲ್ಲೇ ನಿಲ್ಲುತ್ತದೆ. ಕಳಿಸುವ ಮೊದಲು ನಿಮ್ಮ ಮೊಬೈಲ್‌ನಲ್ಲಿ ತೆರೆದು ನೋಡಿ. ಹಲವರು ಮೊದಲ ಸಲ ನೋಡುವುದು ಮೊಬೈಲ್‌ನಲ್ಲೇ.

ಹೆಚ್ಚಿನ ಹೂಡಿಕೆದಾರರಿಗೆ ಡೆಕ್ ಇಂಗ್ಲಿಷ್‌ನಲ್ಲೇ ಬೇಕಾಗುತ್ತದೆ, ಎದುರಿಗೆ ಕನ್ನಡದಲ್ಲಿ ಮಾತಾಡಿದರೂ ಸರಿ. ಕನ್ನಡದ ಸಾಲು, ಬೆಳೆಗಾರರ ಮಾತು ಸೇರಿಸುವುದಾದರೆ ಯೂನಿಕೋಡ್ ಅಕ್ಷರ ಬಳಸಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಬೇರೆಯವರ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ.

ಯಾವಾಗ ಕಳಿಸಬೇಕು

ಮೊದಲ ಇಮೇಲ್‌ನಿಂದ ಬ್ಯಾಂಕ್‌ಗೆ ಹಣ ಬರುವವರೆಗೆ ನಾಲ್ಕರಿಂದ ಆರು ತಿಂಗಳು ಹಿಡಿಯಬಹುದು ಎಂದು ಲೆಕ್ಕ ಹಾಕಿ. ಕೊಡಗಿನ ಕ್ಯಾಲೆಂಡರ್‌ಗೆ ಹೊಂದಿಸಿದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಡೆಕ್ ಕಳಿಸಲು ಶುರು ಮಾಡುವುದು ಸೂಕ್ತ. ಬ್ಯಾಂಕ್ ಸಾಲದ ಅರ್ಜಿಯೂ ಆಗಲೇ ಹೋಗಲಿ, ಕೊಯ್ಲಿನ ಮೊದಲು ಮಿತಿ ಮಂಜೂರಾಗಬೇಕು. ಹೂಡಿಕೆದಾರರನ್ನು ತೋಟಕ್ಕೆ ಕರೆಯುವುದಾದರೆ ಡಿಸೆಂಬರ್, ಜನವರಿ. ಆಗ ಹಣ್ಣು ಬಿಡಿಸುವುದು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಕಣದಲ್ಲಿ ಒಣಗುವುದು ಎಲ್ಲ ಕಣ್ಣಾರೆ ಕಾಣುತ್ತದೆ. ಹುತ್ತರಿ ಹಬ್ಬದ ವಾರ ಬಿಟ್ಟು ದಿನ ಗೊತ್ತುಮಾಡಿ. ಆ ದಿನಗಳಲ್ಲಿ ಮನೆಯವರೂ ಸಿಗುವುದಿಲ್ಲ, ಆಳುಗಳೂ ಸಿಗುವುದಿಲ್ಲ. ಜುಲೈಯಲ್ಲಿ ಕರೆದರೆ ರಸ್ತೆ ತೆರೆದಿದೆಯೋ ಇಲ್ಲವೋ ಎಂಬುದೇ ಮಾತಾಗುತ್ತದೆ.

ಆನ್‌ಲೈನ್ ಮೀಟಿಂಗ್ ಇದ್ದರೆ ಫೈಬರ್ ಸಂಪರ್ಕ ಇರುವ ಜಾಗಕ್ಕೆ ಬನ್ನಿ, ಹಿಂದಿನ ದಿನವೇ ಪಿಡಿಎಫ್ ಕಳಿಸಿಡಿ, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಪಕ್ಕದಲ್ಲಿರಲಿ. ಸ್ಲೈಡ್ ಓದುವುದಕ್ಕೆ 12 ನಿಮಿಷ ಸಾಕು. ಉಳಿದ ಸಮಯ ಪ್ರಶ್ನೆಗಳಿಗೆ. ಖಂಡಿತ ಬರುವ ಪ್ರಶ್ನೆಗಳಿಗೆ, ಅಂದರೆ ಬೀಜದ ದರ ಏರಿದರೆ, ಅಪ್ಪನ ತೋಟ, ಮಳೆಗಾಲದ ದಾಸ್ತಾನಿನ ತೇವ, ಮರಳಿ ಬರುವ ಗ್ರಾಹಕರು, ಒಂದೊಂದು ಪುಟವನ್ನು ಡೆಕ್‌ನ ಕೊನೆಗೆ ಅನುಬಂಧವಾಗಿ ಇಟ್ಟುಕೊಳ್ಳಿ. ಪಾರ್ಚ್‌ಮೆಂಟ್‌ನ ತೇವಾಂಶ ಶೇ 10–11ರಲ್ಲಿ ಇಟ್ಟು ಮಳೆಗಾಲ ದಾಟಿಸುವುದು ಹೇಗೆ ಎಂದು ಕೇಳಿದಾಗ ಅಳತೆಯ ದಾಖಲೆ ತೆರೆದು ತೋರಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಕಡತ ಮತ್ತು ಹಣ ಬಂದ ಮೇಲೆ

ಆಸಕ್ತಿ ಇದೆ ಎಂದ ದಿನವೇ ಕಳಿಸಲು ಒಂದು ಫೋಲ್ಡರ್ ಸಿದ್ಧವಿರಲಿ: ಕಂಪನಿ ನೋಂದಣಿ ಪತ್ರ, ಷೇರುದಾರರ ಪಟ್ಟಿ, 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್‌ಗಳು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ, ಟ್ರೇಡ್‌ಮಾರ್ಕ್ ಅರ್ಜಿ (ಕಾಫಿ 30ನೇ ವರ್ಗದಲ್ಲಿ ಬರುತ್ತದೆ), ಗುತ್ತಿಗೆ ಕರಾರು, ಬೆಳೆಗಾರರೊಂದಿಗಿನ ಒಪ್ಪಂದ, ಲೆಕ್ಕದ ಎಕ್ಸೆಲ್. ಹೂಡಿಕೆದಾರರ ಕಡೆಯ ಲೆಕ್ಕಪರಿಶೋಧಕರು ಮೊದಲು ಮಾಡುವ ಕೆಲಸ ಡೆಕ್‌ನ ಮಾರಾಟವನ್ನು ಜಿಎಸ್‌ಟಿ ರಿಟರ್ನ್ ಪಕ್ಕ ಇಟ್ಟು ನೋಡುವುದು. ನಗದು ಮಾರಾಟ ರಿಟರ್ನ್‌ನಲ್ಲಿ ಕಾಣದೆ ಡೆಕ್‌ನಲ್ಲಿ ಮಾತ್ರ ಇದ್ದರೆ ಅದಕ್ಕೆ ಯಾವ ವಿವರಣೆಯೂ ನಡೆಯುವುದಿಲ್ಲ.

ಒಪ್ಪಂದವಾಗಿ ಹಣ ಬರುವಾಗ ಅದು ಪ್ರತ್ಯೇಕ ಬ್ಯಾಂಕ್ ಖಾತೆಗೆ ಬರಬೇಕು. ಹಣ ಬಂದ 60 ದಿನದೊಳಗೆ ಷೇರು ಹಂಚಿಕೆ ಆಗಬೇಕು, ಹಂಚಿಕೆಯಾದ 15 ದಿನದೊಳಗೆ ಪಾಸ್-3 ನಮೂನೆಯನ್ನು (ಷೇರು ಹಂಚಿಕೆಯ ವಿವರ) ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು, ಅದನ್ನು ಸಲ್ಲಿಸುವವರೆಗೆ ಆ ಹಣ ಮುಟ್ಟುವಂತಿಲ್ಲ. 60 ದಿನ ದಾಟಿದರೆ ಮುಂದಿನ 15 ದಿನದೊಳಗೆ ವಾಪಸ್ ಕೊಡಬೇಕು. ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಆದ್ದರಿಂದ ರೋಸ್ಟರ್‌ಗೆ ಮುಂಗಡ ಕೊಡುವ ದಿನವನ್ನು ಹಣ ಬರುವ ದಿನದಿಂದಲ್ಲ, ಪಾಸ್-3 ಸಲ್ಲಿಕೆಯಾದ ದಿನದಿಂದ ಎಣಿಸಿ ಯಂತ್ರ ಮಾರುವವರಿಗೆ ಹೇಳಿಡಿ.